ಹತ್ತೊಂಬತ್ತು ಜನರ ಒಂದೇ ಕುಟುಂಬ

"ಎಚ್‌ಎಸ್‌ಆರ್ ಲೇಔಟಿನಲ್ಲಿ ಸ್ಟಾರ್ಟಪ್ಪು ಕಣ್ರೋ. ಮೊದಲ ದಿನವೇ ಹೇಳಿದರು, ಇದು ಕಂಪನಿ ಅಲ್ಲ, ಫ್ಯಾಮಿಲಿ ಅಂತ" ಎಂದ ಶೀನ.

ನಾಣಿ ಕಾಫಿ ಲೋಟ ಕೆಳಗಿಟ್ಟ. "ಕೆಟ್ಟೆ ಬಿಡು. ಎಷ್ಟು ಜನ ಇದ್ದೀರಿ?"

"ಹತ್ತೊಂಬತ್ತು."

"ಇಪ್ಪತ್ತನೆಯವನನ್ನು ಸೇರಿಸಿಕೊಳ್ಳಲ್ಲ, ನೋಡ್ತಿರು. 20 ಜನ ಆದರೆ ಪಿಎಫ್ ಕಟ್ಟಬೇಕು. ಇಷ್ಟು ಕಟ್ಟುನಿಟ್ಟಾದ ಕುಟುಂಬ ಯೋಜನೆ ಸರ್ಕಾರದ ಕೈಲೂ ಆಗಲಿಲ್ಲ."

"ಸುಮ್ನೆ ಹೆದರಿಸಬೇಡ. ಫೌಂಡರನ್ನೇ ಹೆಸರು ಹಿಡಿದು ಕರೆಯುತ್ತೇವೆ. ಸಾರ್ ಗೀರ್ ಏನಿಲ್ಲ."

"ಕರಿ. ಬೀರುವಿನ ಬೀಗದಕೈ ಯಾರ ಸೊಂಟದಲ್ಲಿದೆ, ಅದನ್ನ ನೋಡು. ಎಚ್‌ಆರ್ ಅಂದರೆ ಅತ್ತೆ. ನೀನು ಹೊಸ ಸೊಸೆ. ಇನ್ನು ಇನ್ವೆಸ್ಟರ್ ಬರುವ ದಿನ ಹೆಣ್ಣು ನೋಡುವ ಶಾಸ್ತ್ರ. ಪಕ್ಕದ ಆಫೀಸಿಂದ ಹೂವಿನ ಕುಂಡ ಕಡ ತಂದಿಡುತ್ತಾರೆ. ಹುಡುಗಿ ಲಾಭ ಮಾಡುತ್ತಾಳಾ ಅಂತ ಅವರು ಕೇಳಿದರೆ, ಇನ್ನೂ ಕಲೀತಿದ್ದಾಳೆ, ಬೆಳವಣಿಗೆ ಮಾತ್ರ ಜೋರು ಅನ್ನುತ್ತಾರೆ."

"ದುಡ್ಡು ಬಂದ ಮೇಲಾದರೂ ಸುಖ ಅಲ್ವಾ?" ಎಂದಳು ವತ್ಸಲಾ.

"ಬಂದ ತಿಂಗಳು ಬೀನ್ ಬ್ಯಾಗು, ಟೀ ಶರ್ಟು. 2021ರಲ್ಲಿ ನಮ್ಮ ಮನೆ ತುಂಬ ಟೀ ಶರ್ಟೇ. 2022ರಲ್ಲಿ ದುಡ್ಡಿನ ಹೊಳೆ ಬತ್ತಿತು ನೋಡು, ಅದರಲ್ಲೇ ನೆಲ ಒರೆಸಿದೆವು."

ಶೀನ ಬಿಡಲಿಲ್ಲ. "ಸಂಬಳ ಕಮ್ಮಿ ಇರಬಹುದು. ಇಸಾಪ್ ಕೊಡುತ್ತಾರಲ್ಲ, ಕಂಪನಿ ಶೇರಲ್ಲೇ ಪಾಲು."

"ತಾತನ ಆಸ್ತಿ ಅನ್ನು. ಇದೆ ಅಂತ ಎಲ್ಲರೂ ಹೇಳುತ್ತಾರೆ, ಕೈಗೆ ಬಂದವನು ಸಿಗಲ್ಲ. ಪೂರ್ತಿ ಬೇಕಾದರೆ ನಾಲ್ಕು ವರ್ಷ ದುಡಿ. ಮೊದಲ ವರ್ಷ ತುಂಬುವ ಹಿಂದಿನ ದಿನ ಕೆಲಸ ಬಿಟ್ಟರೆ ಮಣ್ಣೂ ಇಲ್ಲ."

"ಇನ್ಫೋಸಿಸ್ ಶೇರು ಹಂಚಲಿಲ್ವಾ?"

"ಊರಿಗೊಬ್ಬಳೇ ಪದ್ಮಾವತಿ! 10,000 ರೂಪಾಯಿ ಹಾಕಿ 1981ರಲ್ಲಿ ಶುರು ಮಾಡಿದರು. ಶೇರು ಪೇಟೆಗೆ ಬಂದಿದ್ದು 1993ರಲ್ಲಿ. ಹನ್ನೆರಡು ವರ್ಷ. ನಿನ್ನ ಫ್ಯಾಮಿಲಿ ಹತ್ತಿರ ಎಷ್ಟು ತಿಂಗಳ ದುಡ್ಡಿದೆ?"

"ಎಂಟು" ಎಂದ ಶೀನ, ಮೆಲ್ಲಗೆ.

ವತ್ಸಲಾಗೆ ಪಾಪ ಅನ್ನಿಸಿತು. "ಇಷ್ಟು ಬೈಯುತ್ತೀಯಲ್ಲ ನಾಣಿ, ನೀನು ಮೂರು ವರ್ಷ ಸ್ಟಾರ್ಟಪ್ಪಲ್ಲಿ ಯಾಕಿದ್ದೆ?"

ನಾಣಿ ಲೋಟವನ್ನು ಬಟ್ಟಲಲ್ಲಿ ತಿರುಗಿಸುತ್ತಾ ಕೂತ. "ಒಂದು ತಿಂಗಳು ಸಂಬಳಕ್ಕೆ ದುಡ್ಡಿರಲಿಲ್ಲ. ನಮ್ಮ ಯಜಮಾನ ಬುಲೆಟ್ ಮಾರಿದ. ಸರ್ವಿಸಿಗೆ ಬಿಟ್ಟಿದ್ದೀನಿ ಅಂದ. ಎರಡು ತಿಂಗಳಾದರೂ ಸರ್ವಿಸು ಮುಗೀಲಿಲ್ಲ. ಸಂಜೆ ಸಿಲ್ಕ್ ಬೋರ್ಡ್ ಹತ್ತಿರ ಲ್ಯಾಪ್‌ಟಾಪ್ ಬ್ಯಾಗು ಎದೆಗೆ ಅವುಚಿಕೊಂಡು ಬಸ್ಸಿಗೆ ನಿಂತಿರುತ್ತಿದ್ದ. ನಾವು ನೋಡದವರ ಹಾಗೆ ದಾಟಿ ಹೋಗುತ್ತಿದ್ದೆವು."

"ಆಮೇಲೆ?"

"ಆಮೇಲೇನು, ಬಾಗಿಲು ಹಾಕಿದ ದಿನ ಪಾಲಾಯಿತು. ನನಗೆ ಬೀನ್ ಬ್ಯಾಗ್ ಬಂತು. ಹೊಲಿಗೆ ಬಿಟ್ಟು ಮನೆ ತುಂಬ ಬಿಳಿ ಗುಂಡು. ಗುಡಿಸಿದಷ್ಟೂ ಮಂಚದ ಕೆಳಗಿಂದ ಬರುತ್ತಲೇ ಇರುತ್ತೆ. ಎಸೀರಿ ಅದನ್ನ ಅಂತಾಳೆ ಹೆಂಡತಿ."

"ಎಸೆದೆಯಾ?"

"ಮೊನ್ನೆ ಹೊಲಿಸಿದೆ" ಎಂದ ನಾಣಿ. "ಶೀನಾ, ಕಾಫಿ ಆರಿಹೋಯಿತು. ಇನ್ನು ಮೂರಕ್ಕೆ ಟೋಕನ್ ತಗೊಂಡು ಬಾ. ಎಂಟು ತಿಂಗಳು ಮುಗಿಯುವವರೆಗೆ ನೀನೇ ಕೊಡಿಸಬೇಕು."