ಸ್ಕೋಡಾ ಲಾರಾ: ಹಿಂಬದಿಯ ಸಸ್ಪೆನ್ಷನ್ ಆರ್ಮ್‌ಗಳನ್ನು ಮನೆಯಲ್ಲೇ ಬದಲಾಯಿಸಬಹುದೇ?

ಪ್ರಶ್ನೆ (ಉಡುಪಿಯಿಂದ)

ಎಲ್ಲರಿಗೂ ನಮಸ್ಕಾರ. ನನ್ನದು 2010ರ ಸ್ಕೋಡಾ ಲಾರಾ. ಹಂಪ್ ಇಳಿಯುವಾಗ ಹಿಂಬದಿಯಿಂದ ಟಕ್ಕೆಂಬ ಸದ್ದು ಕೇಳಿಸುತ್ತಿದೆ, ಹಿಂದಿನ ಎರಡೂ ಟೈರುಗಳ ಒಳ ಅಂಚು ಬೋಳಾಗಿದೆ, ಹೊರ ಅಂಚು ಮಾತ್ರ ಇನ್ನೂ ಚೆನ್ನಾಗಿದೆ. ಆರ್ಮ್‌ಗಳ (ಚಕ್ರವನ್ನು ಕಾರಿನ ತಳಕ್ಕೆ ಜೋಡಿಸುವ ಲೋಹದ ತೋಳುಗಳ) ಬುಷ್, ಅಂದರೆ ತುದಿಯ ರಬ್ಬರ್ ಕೀಲು ಹರಿದಿದೆ, ಚಕ್ರದ ಕೋನ ಹೊಂದಿಸುವ ಹೊಂದಾಣಿಕೆಯ ಬೋಲ್ಟ್ ತುಕ್ಕು ಹಿಡಿದು ತಿರುಗುತ್ತಿಲ್ಲ ಎಂದು ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವ ಕೆಲಸ) ಮಾಡುವವರು ಹೇಳಿದರು. ಬ್ರೇಕ್ ಪ್ಯಾಡ್, ಶಾಕ್ ಅಬ್ಸಾರ್ಬರ್‌ಗಳನ್ನು ಮನೆಯಲ್ಲೇ ಬದಲಾಯಿಸಿ ಅಭ್ಯಾಸವಿದೆ. ಮೇಲಿನ ಮತ್ತು ಕೆಳಗಿನ ಆರ್ಮ್‌ಗಳನ್ನೂ ನಾನೇ ಹಾಕಬೇಕೆಂದಿದ್ದೇನೆ. ಯಾವ ಹಂತದಲ್ಲಿ ಹೆಚ್ಚು ಎಚ್ಚರ ಬೇಕು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ (ಮೈಸೂರಿನಿಂದ)

ಖಂಡಿತ ಮಾಡಬಹುದು ಸರ್, ಆದರೆ ಸ್ಪ್ರಿಂಗಿನ ವಿಷಯದಲ್ಲಿ ಅವಸರ ಬೇಡ. ಈ ಕಾರಿನ ಹಿಂಬದಿಯಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಬೇರೆ ಬೇರೆ ಕಡೆ ಇವೆ. ಸ್ಪ್ರಿಂಗ್ ನೇರವಾಗಿ ಕೆಳಗಿನ ಅಗಲವಾದ ಆರ್ಮ್ ಮೇಲೆಯೇ ಕೂತಿರುವುದರಿಂದ, ಅದನ್ನು ಸ್ಪ್ರಿಂಗ್ ಕಂಪ್ರೆಸರ್ ಎಂಬ ಉಪಕರಣದಿಂದ ಅದುಮಿ ಹೊರತೆಗೆಯದೆ ಆ ಆರ್ಮಿನ ಬೋಲ್ಟ್ ಬಿಚ್ಚಿದರೆ ಅದು ಸಿಡಿದು ಪ್ರಾಣಕ್ಕೇ ಅಪಾಯವಾದೀತು. ಹಿಂಭಾಗವನ್ನು ಎತ್ತಿದ ಮೇಲೆ ಹ್ಯಾಂಡ್‌ಬ್ರೇಕ್ ಕಾರನ್ನು ಹಿಡಿದು ನಿಲ್ಲಿಸುವುದಿಲ್ಲ, ಆದ್ದರಿಂದ ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಅಡೆ ಕೊಡಿ. ಬರೀ ಜಾಕ್ ನಂಬಿ ಕಾರಿನಡಿಗೆ ಹೋಗಬೇಡಿ, ಸ್ಟ್ಯಾಂಡ್ ಇಟ್ಟೇ ಕೆಲಸ ಮಾಡಿ. ಎಬಿಎಸ್ ಸೆನ್ಸರಿನ ವೈರ್ ಮತ್ತು ಬ್ರೇಕ್ ಹೋಸ್ ಮೇಲೆ ಎಳೆತ ಬೀಳದಂತೆಯೂ ನೋಡಿಕೊಳ್ಳಿ.

ಉತ್ತರ (ಬೆಂಗಳೂರಿನಿಂದ)

ಮೇಲಿನವರು ಹೇಳಿದ್ದು ಸರಿ. ಅದರಷ್ಟೇ ಮುಖ್ಯವಾದ ಇನ್ನೊಂದು ವಿಷಯವಿದೆ. ಅದನ್ನು ಎಷ್ಟೋ ಗ್ಯಾರೇಜುಗಳಲ್ಲೂ ಕಡೆಗಣಿಸುತ್ತಾರೆ. ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗ ಬುಷ್‌ನ ಬೋಲ್ಟುಗಳನ್ನು ಬಿಗಿಗೊಳಿಸಲೇಬಾರದು. ಬುಷ್‌ನ ರಬ್ಬರ್ ಒಳಗಿನ ಉಕ್ಕಿನ ಕೊಳವೆಗೂ ಹೊರಗಿನ ಬಳೆಗೂ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿಯಾದೊಡನೆ ಒಳಗಿನ ಕೊಳವೆ ತಿರುಗದಂತೆ ಸಿಕ್ಕಿಕೊಳ್ಳುತ್ತದೆ, ಅಲ್ಲಿಂದ ಮುಂದೆ ಆರ್ಮ್ ಮೇಲೆ ಕೆಳಗೆ ಆಡಿದಷ್ಟೂ ರಬ್ಬರೇ ತಿರುಚಿಕೊಳ್ಳಬೇಕು. ನೇತಾಡುವ ಸ್ಥಿತಿಯಲ್ಲಿ ಬಿಗಿ ಮಾಡಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರ್ ಸದಾ ತಿರುಚಿದ ಸ್ಥಿತಿಯಲ್ಲಿದ್ದು, ಹೊಸ ಬುಷ್ ಬಹಳ ಬೇಗ ಹರಿದುಹೋಗುತ್ತದೆ.

ಪ್ರಶ್ನೆ ಕೇಳಿದವರು

ತುಂಬ ಉಪಕಾರವಾಯಿತು. ಆದರೆ ಕಾರು ನೆಲದ ಮೇಲಿದ್ದರೆ ಆ ಬೋಲ್ಟುಗಳಿಗೆ ಸ್ಪ್ಯಾನರ್ ಎಟುಕುವುದಿಲ್ಲವಲ್ಲ?

ಉತ್ತರ (ಬೆಂಗಳೂರಿನಿಂದ)

ಕಾರನ್ನು ಎತ್ತುವ ಮೊದಲೇ, ಸಮತಟ್ಟಾದ ನೆಲದಲ್ಲಿ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗಿನ ಎತ್ತರವನ್ನು ಟೇಪ್ ಹಿಡಿದು ಅಳೆದು, ಎಡ ಬಲ ಎರಡನ್ನೂ ಬರೆದಿಡಿ. ಆರ್ಮ್‌ಗಳನ್ನು ಜೋಡಿಸಿ ಬೋಲ್ಟುಗಳನ್ನು ಕೈಬಿಗಿಯಲ್ಲಿ ಬಿಟ್ಟು, ಕಾರು ಸ್ಟ್ಯಾಂಡ್ ಮೇಲಿರುವಾಗಲೇ ಇನ್ನೊಂದು ಜಾಕನ್ನು ಕೆಳಗಿನ ಆರ್ಮಿನ ಹೊರತುದಿಗೆ ಕೊಟ್ಟು, ಹಬ್‌ನ (ಚಕ್ರ ಕೂರುವ ಭಾಗದ) ನಡುವಿನಿಂದ ಅದೇ ಎತ್ತರ ಬರುವವರೆಗೆ ನಿಧಾನವಾಗಿ ಮೇಲೆತ್ತಿ. ಕಾರು ಸ್ಟ್ಯಾಂಡಿನಿಂದ ಮೇಲೇಳುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಆ ಸ್ಥಿತಿಯಲ್ಲೇ ಟಾರ್ಕ್ ರೆಂಚ್‌ನಿಂದ (ನಿಗದಿತ ತಿರುಚು ಬಲದಷ್ಟೇ, ಅಂದರೆ ಟಾರ್ಕ್‌ನಷ್ಟೇ ಬಿಗಿಮಾಡುವ ಸ್ಪ್ಯಾನರ್) ಬಿಗಿಗೊಳಿಸಿ. ಟಾರ್ಕ್ ಕೊಟ್ಟ ಮೇಲೆ ಮತ್ತೆ ಇಂತಿಷ್ಟು ಡಿಗ್ರಿ ತಿರುಗಿಸಬೇಕಾದ ಬೋಲ್ಟುಗಳನ್ನು ಮರುಬಳಸಬಾರದು. ಆರ್ಮ್‌ಗಳ ಜೊತೆಗೇ ಹೊಸ ಬೋಲ್ಟ್, ನಟ್‌ಗಳನ್ನೂ ತರಿಸಿಡಿ.

ಉತ್ತರ (ಮಂಗಳೂರಿನಿಂದ)

ನಮ್ಮ ಕರಾವಳಿಯ ಉಪ್ಪುಗಾಳಿಯಲ್ಲಿ ಓಡಿದ ಕಾರುಗಳಲ್ಲಿ ನಿಜವಾದ ಕಷ್ಟ ಬಿಚ್ಚುವುದರಲ್ಲೇ ಇದೆ. ನಟ್ ಬಂದರೂ, ಬೋಲ್ಟಿನ ಕಾಂಡ ಬುಷ್‌ನ ಒಳಕೊಳವೆಗೆ ತುಕ್ಕಿನಿಂದ ಬೆಸೆದುಕೊಂಡು ಜಗ್ಗುವುದಿಲ್ಲ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಅಷ್ಟಕ್ಕೂ ಬಗ್ಗದಿದ್ದರೆ ಬುಷ್‌ಗೂ ಬ್ರಾಕೆಟ್‌ಗೂ ನಡುವೆ ಬ್ಲೇಡ್ ತೂರಿಸಿ ಬೋಲ್ಟನ್ನು ಎರಡೂ ಕಡೆ ಕೊಯ್ಯುವುದೊಂದೇ ದಾರಿ. ಹೇಗೂ ಹಳೆಯ ಆರ್ಮ್ ಬಿಸಾಡುವಂಥದ್ದು, ಆದರೆ ಬ್ರಾಕೆಟ್‌ಗೆ ಗಾಯವಾಗದಿರಲಿ. ಪೆಟ್ರೋಲ್ ಟ್ಯಾಂಕ್ ಇರಲಿ ಡೀಸೆಲ್ ಟ್ಯಾಂಕ್ ಇರಲಿ, ಅದರ ಹತ್ತಿರ ಬೆಂಕಿಯಿಂದ ಕಾಯಿಸುವ ಸಾಹಸ ಮಾತ್ರ ಬೇಡವೇ ಬೇಡ.

ಹೊಂದಾಣಿಕೆಯ ಬೋಲ್ಟಿನ ತಲೆ ಯಾವ ಕೋನದಲ್ಲಿದೆ ಎಂದು ಬಿಚ್ಚುವ ಮುನ್ನ ಗೀರು ಹಾಕಿ, ಫೋಟೋ ತೆಗೆದುಕೊಳ್ಳಿ. ಆ ಗುರುತು ಅಲೈನ್‌ಮೆಂಟ್ ಅಂಗಡಿಯವರೆಗೆ ನಿಧಾನವಾಗಿ ಹೋಗಲು ಸಾಕು, ಅದನ್ನೇ ನಂಬಿ ಓಡಿಸಬೇಡಿ. ಮುಂದಿನ ಎರಡು ಚಕ್ರಗಳನ್ನಷ್ಟೇ ಅಲ್ಲ, ನಾಲ್ಕನ್ನೂ ಅಳೆದು ಮೊದಲು ಹಿಂದಿನವನ್ನು, ಆಮೇಲೆ ಮುಂದಿನವನ್ನು ಸರಿಪಡಿಸುವಂತೆ ಅವರಿಗೆ ಸ್ಪಷ್ಟವಾಗಿ ಹೇಳಿ.