ಅಂಗಡಿ ಕಂಪ್ಯೂಟರಿನ ಟೈಮ್ ನಿಲ್ಲುತ್ತಿಲ್ಲ, ಅನುಭವ ಇದ್ದವರು ಹೇಳಿ

ಕೇಳಿದವರು, ದಾವಣಗೆರೆ

ಹಳೇ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮದೊಂದು ಸಣ್ಣ ಆನ್‌ಲೈನ್ ಸೆಂಟರ್ ಇದೆ. ಜೆರಾಕ್ಸ್, ಅರ್ಜಿ ತುಂಬುವುದು, ಪಹಣಿ ತೆಗೆದುಕೊಡುವುದು, ಇಷ್ಟೇ. ಎರಡು ಕಂಪ್ಯೂಟರ್, ಎರಡರಲ್ಲೂ ವಿಂಡೋಸ್ 10. ಹಳೆಯದನ್ನು ಬೆಳಿಗ್ಗೆ ಆನ್ ಮಾಡಿದರೆ ದಿನಾ 2014ರ ಜನವರಿ 1 ಅಂತ ತೋರಿಸುತ್ತದೆ. ಯಾವ ವೆಬ್‌ಸೈಟೂ ತೆರೆಯುವುದಿಲ್ಲ, ನಿಮ್ಮ ಗಡಿಯಾರ ಹಿಂದಿದೆ ಅಂತ ಬರುತ್ತದೆ. ಕೈಯಲ್ಲಿ ಸರಿ ಮಾಡಿದರೆ ರಾತ್ರಿ ಬಾಗಿಲು ಹಾಕುವವರೆಗೂ ಚೆನ್ನಾಗಿರುತ್ತದೆ, ಮರುದಿನ ಮತ್ತೆ ಅದೇ ಕಥೆ. ಇನ್ನೊಂದರ ತೊಂದರೆ ಬೇರೆ. ಅದು ಯಾವಾಗಲೂ ಕಾಲು ಗಂಟೆ ಮುಂದೆ. ಮೊಬೈಲ್‌ನಲ್ಲಿ 10 ಆದರೆ ಅದರಲ್ಲಿ 10.15. ಆಟೋಮ್ಯಾಟಿಕ್ ಟೈಮ್ ಆನ್ ಇದೆ, ಸಿಂಕ್ ನೌ ಒತ್ತಿದರೆ ಟಿಕ್ ಕೂಡ ಬರುತ್ತದೆ, ಕಾಲು ಗಂಟೆ ಮಾತ್ರ ಹೋಗುವುದಿಲ್ಲ. ರಿಪೇರಿಯವರೊಬ್ಬರು ನೋಡಿ ಹಳೆಯದರ ಮದರ್‌ಬೋರ್ಡ್ ಹೋಗಿದೆ ಎಂದರು. ಹೊಸದು ಹಾಕಿಸಲೇಬೇಕಾ?

ಕಂಪ್ಯೂಟರ್ ರಿಪೇರಿ, ಪಿ.ಜೆ. ಬಡಾವಣೆ

ಅಕ್ಕಾ, ಮದರ್‌ಬೋರ್ಡ್‌ಗೆ ಈಗಲೇ ದುಡ್ಡು ಹಾಕಬೇಡಿ. ಮೊದಲು ಒಂದು ಮಾತು ಹೇಳಿ, ರಾತ್ರಿ ಬಾಗಿಲು ಹಾಕುವಾಗ ಮೇನ್ ಸ್ವಿಚ್ಚೇ ಆಫ್ ಮಾಡ್ತೀರಲ್ವಾ? ನಮ್ಮ ಊರಿನ ಅಂಗಡಿಗಳಲ್ಲಿ ಎಲ್ಲರೂ ಮಾಡುವುದು ಅದನ್ನೇ, ತಪ್ಪೇನಿಲ್ಲ. ಆದರೆ ಪ್ಲಗ್‌ನಲ್ಲಿ ಕರೆಂಟ್ ಇರುವಷ್ಟು ಹೊತ್ತು, ಕಂಪ್ಯೂಟರ್ ಆಫ್ ಇದ್ದರೂ, ಒಳಗಿನ ಗಡಿಯಾರಕ್ಕೆ ಪವರ್ ಸಪ್ಲೈಯಿಂದಲೇ ಸ್ವಲ್ಪ ಕರೆಂಟ್ ಸಿಗುತ್ತಿರುತ್ತದೆ. ಮೇನ್ ತೆಗೆದ ಮೇಲೆ ಆ ಗಡಿಯಾರ ಓಡುವುದು ಬೋರ್ಡ್ ಮೇಲಿನ ಒಂದು ಗುಂಡು ಸೆಲ್‌ನಿಂದ. ಸಿಆರ್2032 ಅಂತಾರೆ, 3 ವೋಲ್ಟ್, ನಾಣ್ಯದ ಹಾಗೆ ಇರುತ್ತದೆ. ಅದು ಸತ್ತರೆ ಗಡಿಯಾರ ಬೋರ್ಡ್ ಮಾಡಿದವರು ಬರೆದಿಟ್ಟ ಮೊದಲ ತಾರೀಕಿಗೆ ಹೋಗಿ ಕೂರುತ್ತದೆ. ನಿಮ್ಮ 2014 ಅದೇ. ಸಂಜೆವರೆಗೆ ಸರಿ, ಬೆಳಿಗ್ಗೆ ತಪ್ಪು ಅಂದಾಗಲೇ ಗೊತ್ತಾಯ್ತು.

ಬದಲಾಯಿಸುವುದು ಐದು ನಿಮಿಷದ ಕೆಲಸ. ವೈರ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಸೈಡ್ ಡೋರ್ ತೆಗೆಯಿರಿ, ಸೆಲ್ ಪಕ್ಕದ ಸಣ್ಣ ಕ್ಲಿಪ್ಪನ್ನು ಉಗುರಿನಿಂದ ತಳ್ಳಿದರೆ ಟಕ್ ಅಂತ ಎದ್ದು ಬರುತ್ತದೆ. ಅದಕ್ಕೂ ಮುಂಚೆ ಒಂದು ಫೋಟೋ ತೆಗೆದಿಡಿ, ಪ್ಲಸ್ ಗುರುತು ಯಾವ ಕಡೆ ಇತ್ತು ಅಂತ ಆಮೇಲೆ ಜಗಳ ಬೇಡ. ಹೊಸದು ಹಾಕಿ ಆನ್ ಮಾಡಿದಾಗ ಎಫ್1 ಒತ್ತಿ ಅಂತ ಕೇಳಬಹುದು, ಹೆದರಬೇಡಿ, ಬಯಾಸ್‌ಗೆ, ಅಂದರೆ ವಿಂಡೋಸ್‌ಗೂ ಮುಂಚೆ ಬರುವ ಬೋರ್ಡಿನ ಸೆಟ್ಟಿಂಗ್‌ಗೆ, ಹೋಗಿ ತಾರೀಕು ಹಾಕಿ ಸೇವ್ ಮಾಡಿ.

ಒಳ್ಳೆ ಕಂಪನಿ ಸೆಲ್ ತಗೊಳ್ಳಿ. ಹೋದ ವರ್ಷ ಚೌಕಿಪೇಟೆಯ ಒಂದು ಬಟ್ಟೆ ಅಂಗಡಿಗೆ, ಅವಸರದಲ್ಲಿ, ಆಟಿಕೆ ಮಾರುವವನ ಹತ್ತಿರ ಹತ್ತು ರೂಪಾಯಿಗೆ ಸಿಕ್ಕ ಸೆಲ್ ಹಾಕಿದ್ದೆ. ಮೂರು ತಿಂಗಳಿಗೆ ಫೋನ್ ಬಂತು. ಮೀಟರ್ ಹಿಡಿದರೆ 1.9 ವೋಲ್ಟ್. ಸುಮ್ನೆ ಹೆಸರು ಕೆಡಿಸಿಕೊಂಡೆ.

ವಿದ್ಯಾನಗರದಿಂದ ಒಬ್ಬರು

ಎರಡನೇ ಕಂಪ್ಯೂಟರ್ ಬಗ್ಗೆ ಯಾರೂ ಹೇಳಲಿಲ್ಲ. ಅದು ಸರಿಯಾಗಿಯೇ ಇದೆ, ನೇಪಾಳದಲ್ಲಿದೆ ಅಷ್ಟೇ. ನಿಜವಾಗಿಯೂ. ಟೈಮ್ ಝೋನ್ ತೆಗೆದು ನೋಡಿ, ಕಠ್ಮಂಡು ಅಂತ ಇರುತ್ತದೆ. ಜಗತ್ತಿಗೆಲ್ಲ ಒಂದೇ ಆದ ಮೂಲ ಟೈಮ್‌ಗೆ ಯುಟಿಸಿ ಅಂತಾರೆ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ, ಅವರದ್ದು ಐದೂ ಮುಕ್ಕಾಲು. ಪಟ್ಟಿಯಲ್ಲಿ ಚೆನ್ನೈ, ಕೋಲ್ಕತ್ತಾ, ಮುಂಬೈ, ನವದೆಹಲಿ ಅಂತ ಒಂದೇ ಸಾಲಿನಲ್ಲಿರುವುದು ನಮ್ಮದು, ಅದರ ಕೆಳಗೆ ಶ್ರೀಲಂಕಾ, ಅದರ ಕೆಳಗೇ ಕಠ್ಮಂಡು, ಮೌಸ್ ಚಕ್ರ ಎರಡು ಹಲ್ಲು ಜಾರಿದರೆ ಸಾಕು. ಇಂಟರ್ನೆಟ್‌ನಿಂದ ಬರುವುದು ಯುಟಿಸಿ ಮಾತ್ರ. ಅದಕ್ಕೆ ಎಷ್ಟು ಗಂಟೆ ಕೂಡಿಸಬೇಕು ಅನ್ನುವುದನ್ನು ನಿಮ್ಮ ಕಂಪ್ಯೂಟರ್ ಝೋನ್ ನೋಡಿ ತೀರ್ಮಾನಿಸುತ್ತದೆ. ಅದಕ್ಕೇ ನೂರು ಸಲ ಸಿಂಕ್ ಮಾಡಿದರೂ ಕಾಲು ಗಂಟೆ ಅಲ್ಲೇ.

ಸಂಬಂಧ ಇಲ್ಲದ ಮಾತು, ಆದರೂ ಹೇಳಿಬಿಡುತ್ತೇನೆ. ನಮ್ಮ ದೇಶದ ಟೈಮ್ 82.5 ಡಿಗ್ರಿ ರೇಖಾಂಶದ ಲೆಕ್ಕ, ಅದು ಹಾಯುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ. ದಾವಣಗೆರೆ ಇರುವುದು ಸುಮಾರು 75.9ರಲ್ಲಿ. ಒಂದು ಡಿಗ್ರಿಗೆ 4 ನಿಮಿಷ. ಅಂದರೆ ನಮ್ಮ ಊರಿನ ಸೂರ್ಯ ಗಡಿಯಾರಕ್ಕಿಂತ ಸರಾಸರಿ 26 ನಿಮಿಷ ಲೇಟು. ಹಾಗೆ ನೋಡಿದರೆ ನಿಮ್ಮ ಕಠ್ಮಂಡು ಕಂಪ್ಯೂಟರ್ ಸೂರ್ಯನಿಂದ ಇನ್ನೂ ದೂರ ಹೋಗಿದೆ.

ಲ್ಯಾಬ್ ನೋಡಿಕೊಳ್ಳುವವನು, ಚಿತ್ರದುರ್ಗ

ಎಷ್ಟು ತಪ್ಪಿದೆ ಅನ್ನುವುದನ್ನು ಮೊದಲು ಅಳೆಯಬೇಕು ಅನ್ನುವುದು ನನ್ನ ಅನುಭವ. ನಮ್ಮ ಲ್ಯಾಬಿನ ಒಂದೊಂದು ಮಷೀನಿನಲ್ಲೂ ವಿಂಡೋಸ್, ಲಿನಕ್ಸ್ ಎರಡೂ ಆಪರೇಟಿಂಗ್ ಸಿಸ್ಟಂ ಇವೆ. ಬೆಳಿಗ್ಗೆ ಮಕ್ಕಳು ಲಿನಕ್ಸ್ ಬಳಸಿ ಹೋದರೆ ಮಧ್ಯಾಹ್ನ ವಿಂಡೋಸ್‌ನಲ್ಲಿ ಟೈಮ್ ಐದೂವರೆ ಗಂಟೆ ಹಿಂದೆ. ಸರಿಯಾಗಿ ಐದೂವರೆ, ಒಂದು ನಿಮಿಷ ಆಚೀಚೆ ಇಲ್ಲ. ನಾನು ಒಂದು ವಾರ ಸೆಲ್ ಬದಲಾಯಿಸುತ್ತಾ ಕೂತಿದ್ದೆ! ಕಾರಣ ಇಷ್ಟೇ, ಲಿನಕ್ಸ್ ಬೋರ್ಡಿನ ಗಡಿಯಾರದಲ್ಲಿ ಯುಟಿಸಿ ಬರೆದಿಡುತ್ತದೆ, ವಿಂಡೋಸ್ ಅದನ್ನೇ ಇಲ್ಲಿನ ಟೈಮ್ ಅಂದುಕೊಳ್ಳುತ್ತದೆ. ಲಿನಕ್ಸ್‌ಗೆ ನೀನೂ ಲೋಕಲ್ ಟೈಮ್ ಬರೆ ಅಂತ ಒಂದು ಸಾಲು ಹೇಳಿದ ಮೇಲೆ ಸರಿಹೋಯಿತು.

ಇನ್ನೊಂದು ತೊಂದರೆ ಇತ್ತು. ಟೈಮ್ ಕೇಳುವುದು, ಹೇಳುವುದು ಎಲ್ಲ ಎನ್‌ಟಿಪಿ ಅನ್ನುವ ಪದ್ಧತಿಯಲ್ಲಿ. ಅಮೆರಿಕದ ಡೇವಿಡ್ ಮಿಲ್ಸ್ ರೂಪಿಸಿದ್ದು, 1985ರಿಂದ ಓಡುತ್ತಿದೆ. ನಾಲ್ಕು ಟೈಮ್ ಬರೆದುಕೊಳ್ಳುತ್ತದೆ: ಪ್ರಶ್ನೆ ಹೊರಟಿದ್ದು, ಸರ್ವರ್‌ಗೆ ಮುಟ್ಟಿದ್ದು, ಉತ್ತರ ಹೊರಟಿದ್ದು, ವಾಪಸ್ ಬಂದಿದ್ದು. ದಾರಿಯಲ್ಲಿ ಹೋದ ಹೊತ್ತನ್ನು ಅದರಿಂದ ಕಳೆದುಬಿಡುತ್ತದೆ, ಹಾಗಾಗಿ ನೆಟ್ ನಿಧಾನ ಇದ್ದರೂ ಟೈಮ್ ಹೆಚ್ಚು ಕೆಡುವುದಿಲ್ಲ. ಇದು ಹೋಗಿ ಬರುವುದು ಯುಡಿಪಿ 123ನೇ ಪೋರ್ಟ್‌ನಲ್ಲಿ, ಪೋರ್ಟ್ ಅಂದರೆ ನೆಟ್‌ನ ಒಂದು ನಂಬರಿನ ಬಾಗಿಲು. ನೆಟ್‌ಗೆ ಕಾವಲು ಇರುವ ನಮ್ಮ ಫೈರ್‌ವಾಲ್‌ನಲ್ಲಿ ಅದೇ ಬಂದ್. ಬ್ರೌಸರ್ ಓಡುತ್ತದೆ, ಟೈಮ್ ಮಾತ್ರ ಸಿಂಕ್ ಆಗುವುದಿಲ್ಲ, ತಲೆ ಕೆಟ್ಟುಹೋಯಿತು. ಕೊನೆಗೆ ಒಂದು ಹಳೇ ಮಷೀನಿಗೆ ಕ್ರೋನಿ ಅನ್ನುವ ಎನ್‌ಟಿಪಿ ಪ್ರೋಗ್ರಾಂ ಹಾಕಿ, ಅದಕ್ಕೆ ಮಾತ್ರ ಪೋರ್ಟ್ ತೆರೆಸಿ, ಉಳಿದವೆಲ್ಲ ಅದನ್ನೇ ಕೇಳುವ ಹಾಗೆ ಮಾಡಿದೆ.

ಬಿ.ಡಿ. ರಸ್ತೆಯಿಂದ, ಚಿತ್ರದುರ್ಗ

ಇಷ್ಟೆಲ್ಲ ಯಾಕೆ ಗುರುಗಳೇ, ವಾರಕ್ಕೊಂದು ಸಲ ಮೊಬೈಲ್ ನೋಡಿ ಕೈಯಲ್ಲೇ ತಿದ್ದಿಕೊಂಡರೆ ಆಗಲ್ವಾ? ನಾನು ಹತ್ತು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ.

ಲ್ಯಾಬ್ ನೋಡಿಕೊಳ್ಳುವವನು, ಚಿತ್ರದುರ್ಗ

ಆಗುತ್ತದೆ ಸರ್, ಒಂದು ಕಂಪ್ಯೂಟರ್ ಇದ್ದರೆ. ಬೋರ್ಡಿನ ಗಡಿಯಾರ ಓಡಿಸುವ ಹರಳು ಸೆಕೆಂಡಿಗೆ 32,768 ಸಲ ಮಿಡಿಯಬೇಕು. ಹತ್ತು ಲಕ್ಷಕ್ಕೆ 20 ತಪ್ಪಿದರೂ ದಿನಕ್ಕೆ 1.7 ಸೆಕೆಂಡ್, ತಿಂಗಳಿಗೆ ಹೆಚ್ಚುಕಡಿಮೆ ಒಂದು ನಿಮಿಷ. ಸೆಕೆ ಜಾಸ್ತಿ ಆದರೆ ಅದೂ ಬದಲಾಗುತ್ತದೆ. ನನ್ನ ಹತ್ತಿರ ಅರವತ್ತು ಮಷೀನಿವೆ, ವಾರಕ್ಕೊಮ್ಮೆ ಅರವತ್ತು ಕಡೆ ತಿದ್ದಲು ನನಗೆ ಸಂಬಳ ಸಾಲದು.

ಎಣ್ಣೆ ಮಿಲ್ಲಿನ ಲೆಕ್ಕ ಬರೆಯುವವರು, ಚಳ್ಳಕೆರೆ

ಕಂಪ್ಯೂಟರ್ ಸರಿ, ಸಿಸಿಟಿವಿ ಡಬ್ಬಿಯ ಟೈಮ್ ನೋಡಿದ್ದೀರಾ? ನಮ್ಮಲ್ಲಿ ಒಂದು ರಾತ್ರಿ ನಾಲ್ಕು ಚೀಲ ಶೇಂಗಾ ಹೋಯಿತು. ವಾಚ್‌ಮನ್ ಹೇಳಿದ್ದು, ರಾತ್ರಿ 2 ಗಂಟೆಗೆ ನಾಯಿ ಬೊಗಳಿತು ಅಂತ. ನಾವು 2 ಗಂಟೆಯ ರೆಕಾರ್ಡಿಂಗ್ ಹಾಕಿ ನೋಡಿದರೆ ನಾಯಿ ಆರಾಮಾಗಿ ಮಲಗಿದೆ. ಒಂದೂವರೆ ಗಂಟೆ ಕೂತು ಹುಡುಕಿದ ಮೇಲೆ ಸಿಕ್ಕಿತು, ಡಬ್ಬಿಯಲ್ಲಿ ಅದು 1.22. ಅಂದರೆ 38 ನಿಮಿಷ ಹಿಂದೆ. ಪೊಲೀಸರಿಗೆ ಕೊಡುವಾಗ ಟೈಮ್ ಯಾಕೆ ಹೊಂದುತ್ತಿಲ್ಲ ಅಂತ ಬೇರೆ ಕಾಗದ ಬರೆದುಕೊಡಬೇಕಾಯಿತು. ಹಾಕಿಸಿದ ದಿನ ಯಾರೋ ಕೈಗಡಿಯಾರ ನೋಡಿ ಇಟ್ಟಿದ್ದು, ಆಮೇಲೆ ಯಾರೂ ಮುಟ್ಟಿಲ್ಲ. ಈಗ ಡಬ್ಬಿಗೂ ನೆಟ್ ಕೊಟ್ಟು, ಎನ್‌ಟಿಪಿ ಆನ್ ಮಾಡಿ, ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ (ಎನ್‌ಪಿಎಲ್) ಸರ್ವರ್ ಹಾಕಿದ್ದೇವೆ: ಟೈಮ್ ಡಾಟ್ ಎನ್‌ಪಿಎಲ್‌ಇಂಡಿಯಾ ಡಾಟ್ ಓಆರ್‌ಜಿ. ಭಾರತದ ಅಧಿಕೃತ ಸಮಯ ಇಟ್ಟುಕೊಂಡಿರುವವರೇ ಅವರು.

ಟೆಂಡರ್ ಕೆಲಸ ಮಾಡುವವಳು, ದಾವಣಗೆರೆ

ಡಿಜಿಟಲ್ ಸಹಿ ಹಾಕಿಕೊಡುವವರು ಹುಷಾರು. ಪಿಡಿಎಫ್‌ಗೆ ಟೋಕನ್‌ನಿಂದ (ಸಹಿಯ ಕೀಲಿ ಇರುವ, ಪೆನ್‌ಡ್ರೈವ್‌ನಂಥ ಸಾಧನ) ಸಹಿ ಹಾಕಿದಾಗ, ಸಹಿಗೆ ಟೈಮ್ ಮುದ್ರೆ ಒತ್ತುವ ಬೇರೆ ಟೈಮ್‌ಸ್ಟ್ಯಾಂಪ್ ಸರ್ವರ್ ಜೋಡಿಸಿಲ್ಲದಿದ್ದರೆ, ಅದರಲ್ಲಿ ಕೂರುವುದು ನಿಮ್ಮ ಕಂಪ್ಯೂಟರಿನ ಟೈಮ್. ನನ್ನದೊಂದು ಫೈಲಿನಲ್ಲಿ ನಾಳೆಯ ತಾರೀಕು ಬಿದ್ದು ವಾಪಸ್ ಬಂದಿತ್ತು. ಕಂಪನಿ, ಡೇಟಾ ಸೆಂಟರ್ ನಡೆಸುವವರಿಗಂತೂ ಎನ್‌ಐಸಿ (ಸರ್ಕಾರದ ಕಂಪ್ಯೂಟರ್ ಜಾಲ ನೋಡಿಕೊಳ್ಳುವ ಸಂಸ್ಥೆ) ಇಲ್ಲವೇ ಎನ್‌ಪಿಎಲ್ ಸರ್ವರ್‌ಗೆ ಟೈಮ್ ಹೊಂದಿಸಿಕೊಳ್ಳಿ ಅಂತ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲೇ ಆದೇಶ ಮಾಡಿದೆ.

ಕೇಳಿದವರು, ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. ಎರಡನೆಯದು ಕಠ್ಮಂಡುವೇ ಆಗಿತ್ತು! ನಕ್ಕು ನಕ್ಕು ಸಾಕಾಯಿತು. ಹಳೆಯದಕ್ಕೆ ಅಶೋಕ ರಸ್ತೆಯಲ್ಲಿ 50 ರೂಪಾಯಿಗೆ ಸೆಲ್ ತಂದು ನಾನೇ ಹಾಕಿದೆ, ಮೂರು ದಿನ ಆಯಿತು, ತಾರೀಕು ಕದಲಿಲ್ಲ. ಆದರೆ ಸಿಂಕ್ ನೌ ಒತ್ತಿದರೆ ಆಗಲಿಲ್ಲ ಅಂತ ಬರುತ್ತದೆ. ಇಷ್ಟು ದಿನ ನೆಟ್ ಇದ್ದರೂ ಅದು ತಾನಾಗಿ ಯಾಕೆ ಸರಿಹೋಗಲಿಲ್ಲ ಅನ್ನುವುದೂ ಅರ್ಥವಾಗಲಿಲ್ಲ.

ಕಂಪ್ಯೂಟರ್ ರಿಪೇರಿ, ಪಿ.ಜೆ. ಬಡಾವಣೆ

ಅಕ್ಕಾ, ಸ್ಟಾರ್ಟ್ ಮೆನುವಿನಲ್ಲಿ ಸರ್ವಿಸಸ್ ಅಂತ ಟೈಪ್ ಮಾಡಿ ತೆರೆದು, ಕೆಳಗೆ ವಿಂಡೋಸ್ ಟೈಮ್ ಅನ್ನುವುದನ್ನು ಹುಡುಕಿ. ನಿಂತಿದ್ದರೆ ಆಟೋಮ್ಯಾಟಿಕ್ ಮಾಡಿ, ಸ್ಟಾರ್ಟ್ ಒತ್ತಿ. ಕಂಪ್ಯೂಟರ್ ವೇಗ ಆಗಲಿ ಅಂತ ಯಾರೋ ನಿಲ್ಲಿಸಿರುತ್ತಾರೆ. ಇನ್ನೊಂದು, ಅದು ಓಡುತ್ತಿದ್ದರೂ ವ್ಯತ್ಯಾಸ 15 ಗಂಟೆಗಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ ವಿಂಡೋಸ್ ನಂಬುವುದಿಲ್ಲ, ಸರ್ವರ್ರೇ ತಪ್ಪಿರಬಹುದು ಅಂತ ಸುಮ್ಮನೆ ಕೂರುತ್ತದೆ. 2014ರಲ್ಲಿ ಕೂತವನಿಗೆ ಇವತ್ತಿನ ತಾರೀಕು ಹೇಳಿದರೆ ನಂಬುತ್ತಾನಾ? ಮೊದಲು ಕೈಯಲ್ಲಿ ತಾರೀಕು ಹಾಕಿ, ಆಮೇಲೆ ಸಿಂಕ್.

ಕೇಳಿದವರು, ದಾವಣಗೆರೆ

ಆಯಿತು, ಟಿಕ್ ಬಂತು! ನಿಂತೇ ಹೋಗಿತ್ತು. ಹಳೇ ಸೆಲ್ ಇಲ್ಲೇ ಟೇಬಲ್ ಮೇಲಿದೆ, ಕ್ಯಾಲ್ಕುಲೇಟರ್‌ಗೆ ಬರುತ್ತದಾ?

ಕಂಪ್ಯೂಟರ್ ರಿಪೇರಿ, ಪಿ.ಜೆ. ಬಡಾವಣೆ

ಬರಲ್ಲ. ಅದನ್ನು ಮೊದಲು ಟೇಬಲ್ ಮೇಲಿಂದ ತೆಗೆಯಿರಿ. ಅರ್ಜಿಗೆ ಬಂದವರ ಜೊತೆ ಸಣ್ಣ ಮಕ್ಕಳು ಬರುತ್ತಾರೆ, ನುಂಗಿದರೆ ಸತ್ತ ಸೆಲ್ಲೂ ಗಂಟಲು ಸುಡುತ್ತದೆ. ಎರಡೂ ಕಡೆ ಟೇಪ್ ಸುತ್ತಿ ಇಡಿ, ಆ ಕಡೆ ಬಂದಾಗ ನಾನೇ ತಗೊಂಡು ಹೋಗ್ತೀನಿ.