ಕೆಲಸ ಬಿಡಲಾ, ಬೇಡವಾ? ನಿಮ್ಮ ಅನುಭವ ಹೇಳಿ

ಬದಿಯಡ್ಕದಿಂದ (ಕೇರಳದ ಕಾಸರಗೋಡು ಜಿಲ್ಲೆ) ಪ್ರಶ್ನೆ:
ನನಗೆ 27 ವರ್ಷ. ಮಂಗಳೂರಿನ ಒಂದು ಖಾಸಗಿ ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಸೇರಿ 4 ವರ್ಷ 10 ತಿಂಗಳಾಯಿತು. ಬೆಳಿಗ್ಗೆ ಬಸ್ಸು ಹಿಡಿದು ಕುಂಬಳೆ, ಅಲ್ಲಿಂದ ರೈಲು. ಕೆಲಸ ಅಂಥಾ ಕಷ್ಟದ್ದೇನಲ್ಲ, ಸಂಬಳವೂ ಸಮಯಕ್ಕೆ ಬರುತ್ತದೆ. ಆದರೆ ಭಾನುವಾರ ಸಂಜೆಯಾದರೆ ಸಾಕು, ತಲೆಬಿಸಿ ಶುರು. ಅಮ್ಮ, "ಪಿಎಸ್‌ಸಿ ಬರೆ, ಸರ್ಕಾರಿ ಕೆಲಸವಾದರೆ ನೆಮ್ಮದಿ" ಅನ್ನುತ್ತಾರೆ. ಪಿಎಸ್‌ಸಿ ಅಂದರೆ ಕೇರಳ ಸರ್ಕಾರದ ಹುದ್ದೆಗಳ ಪರೀಕ್ಷೆ. ನಿಮಗೂ ಹೀಗೆ ಆಗಿತ್ತಾ? ಕಾರಣ ಏನೆಂದು ಹೇಗೆ ಗೊತ್ತಾಯಿತು?

ಕುಂಬಳೆಯಿಂದ:
ತಂಗೀ, 9 ವರ್ಷ ಅದೇ ದಾರಿಯಲ್ಲಿ ಓಡಾಡಿದವ ನಾನು. ಸಂಬಳ ಕಡಿಮೆ ಅಂತಲೇ ನನ್ನ ದೂರು. ಒಮ್ಮೆ 4,000 ಏರಿಸಿದರು. ಎರಡು ತಿಂಗಳು ಖುಷಿ, ಮೂರನೇ ತಿಂಗಳು ಮತ್ತೆ ಅದೇ ಮುಖ. ಒಂದು ದಿನ ಉಳ್ಳಾಲದ ಹತ್ತಿರ ರೈಲು ನಿಂತಿದ್ದಾಗ ಸುಮ್ನೆ ಲೆಕ್ಕ ಹಾಕಿದೆ. ಮನೆಯಿಂದ ಮನೆಗೆ ದಿನಕ್ಕೆ 4 ಗಂಟೆ ದಾರಿಯಲ್ಲೇ. ತಿಂಗಳಿಗೆ 24 ದಿನ ಅಂದರೆ 96 ಗಂಟೆ. ಎಂಟು ಗಂಟೆಯ ಪಾಳಿ ಹಿಡಿದರೆ 12 ದಿನ, ಅದೂ ಸಂಬಳವಿಲ್ಲದ್ದು! ಈಗ ಕಾಸರಗೋಡಿನಲ್ಲೇ ಒಂದು ಅಂಗಡಿಯ ಲೆಕ್ಕ ಬರೆಯುತ್ತೇನೆ. 3,000 ಕಡಿಮೆ, ಆದರೆ ಆರಕ್ಕೆಲ್ಲ ಮನೆ. ತೋಟಕ್ಕೆ ನೀರು ಬಿಡಲಿಕ್ಕೆ ಪುರುಸೊತ್ತು ಉಂಟು. ರೈಲಿನ ಗೆಳೆಯರ ಹರಟೆ ತಪ್ಪಿತು, ಅದೊಂದು ಬೇಜಾರು.

ಉಪ್ಪಳದಿಂದ:
ನನ್ನದು ಬೇರೆ. 2020ರಲ್ಲಿ ಕೊರೊನಾ ಅಂತ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಈಚೆ ಉಳಿದ ನಮ್ಮನ್ನು ಆಫೀಸಿನವರು ಮರೆತೇಬಿಟ್ಟರು. ಆಮೇಲೆ ಕರೆದರು, ಹೋದೆ. ಆದರೆ ಆ ಕುರ್ಚಿಯಲ್ಲಿ ಮತ್ತೆ ಸಮಾಧಾನದಿಂದ ಕೂರಲಾಗಲಿಲ್ಲ. ನಾಳೆ ಇರುತ್ತದೋ ಇಲ್ಲವೋ ಅನ್ನುವ ಕೆಲಸಕ್ಕೆ ಮನಸ್ಸು ಕೊಡುವುದು ಹೇಗೆ ಮಾರಾಯ್ರೆ?

ಮಂಜೇಶ್ವರದಿಂದ:
ನಾನು ಕಾಮರ್ಸ್ ಪಾಠ ಮಾಡುವವಳು, ಸ್ವಲ್ಪ ಪಾಠದ ಧಾಟಿ ಬಂದರೆ ಸಹಿಸಿಕೊಳ್ಳಿ. ಫ್ರೆಡ್ರಿಕ್ ಹರ್ಜ್‌ಬರ್ಗ್ ಅಂತ ಒಬ್ಬ ಅಮೆರಿಕದ ಮನಶ್ಶಾಸ್ತ್ರಜ್ಞ. ಪಿಟ್ಸ್‌ಬರ್ಗ್ ಕಡೆಯ ಸುಮಾರು 200 ಎಂಜಿನಿಯರು, ಅಕೌಂಟೆಂಟುಗಳನ್ನು ಕೂರಿಸಿ ಎರಡು ವಿಷಯ ಕೇಳಿದ. ಕೆಲಸದಲ್ಲಿ ತುಂಬಾ ಖುಷಿಯಾದದ್ದು ಯಾವಾಗ? ತುಂಬಾ ಬೇಜಾರಾದದ್ದು ಯಾವಾಗ? 1959ರಲ್ಲಿ ಅದನ್ನು ಪ್ರಕಟಿಸಿದ. ಬೇಜಾರಿನ ಕತೆಗಳಲ್ಲಿ ಜಾಸ್ತಿ ಬಂದದ್ದು ಕಂಪೆನಿಯ ಕಟ್ಟಳೆ, ಮೇಲಿನವರ ನಡತೆ, ಸಂಬಳ, ಕೆಲಸದ ಜಾಗ. ಖುಷಿಯ ಕತೆಗಳಲ್ಲಿ ಇವು ಮುಖ್ಯವಾಗಲಿಲ್ಲ. ಅಲ್ಲಿ ಬಂದದ್ದು ಒಂದು ಕೆಲಸವನ್ನು ಚೆನ್ನಾಗಿ ಮುಗಿಸಿದ್ದು, ಅದನ್ನು ಯಾರೋ ಗುರುತಿಸಿದ್ದು, ಜವಾಬ್ದಾರಿ ಸಿಕ್ಕಿದ್ದು.

ನಮ್ಮ ಮಳೆಗಾಲದ ಲೆಕ್ಕದಲ್ಲಿ ಹೇಳುವುದಾದರೆ, ಮಾಡು ಸೋರುತ್ತಿದ್ದರೆ ಹಂಚು ಬದಲಿಸಲೇಬೇಕು. ಆದರೆ ಹಂಚು ಬದಲಿಸಿದ ಮಾತ್ರಕ್ಕೆ ಸಾರು ರುಚಿಯಾಗುವುದಿಲ್ಲ. ಕುಂಬಳೆಯ ಅಣ್ಣನ 4,000 ಮೂರನೇ ತಿಂಗಳಿಗೆ ಸಪ್ಪೆಯಾದದ್ದು ಅದಕ್ಕೇ ಇರಬೇಕು. ಒಂದು ಮಾತು ಮಾತ್ರ: ಹರ್ಜ್‌ಬರ್ಗ್ ಕೇಳಿದ್ದು ಒಳ್ಳೆಯ ಸಂಬಳದವರನ್ನು. ಬೀಡಿ ಕಟ್ಟಿ ಮನೆ ನಡೆಸುವ ನಮ್ಮ ಅಕ್ಕಂದಿರ ಹತ್ತಿರ ಸಂಬಳ ಮುಖ್ಯವಲ್ಲ ಅಂತ ಹೇಳಲಿಕ್ಕೆ ನನಗಂತೂ ಧೈರ್ಯವಿಲ್ಲ.

ನೀನು ಹೀಗೆ ಮಾಡು. ಎರಡು ವಾರ ದಿನಾ ಸಂಜೆ ರೈಲಿನಲ್ಲಿ ಒಂದೇ ಸಾಲು ಬರೆ, ಇವತ್ತು ಮನಸ್ಸು ಕೆಟ್ಟದ್ದು ಯಾವ ಗಳಿಗೆಯಲ್ಲಿ ಅಂತ. "ಎಲ್ಲವೂ ಬೇಜಾರು" ಅಂತ ಬರೆಯಬೇಡ, ಗಳಿಗೆ ಬೇಕು.

ಕಾಸರಗೋಡಿನಿಂದ:
ಅಮ್ಮನ ಮಾತಿಗೆ ನನ್ನ ಉತ್ತರ. ನಾನು ಪಿಎಸ್‌ಸಿ ಬರೆದೇ ಸರ್ಕಾರಿ ಕೆಲಸಕ್ಕೆ ಸೇರಿದವಳು. ಓದಿದ್ದು ಪೂರ್ತಿ ಕನ್ನಡ ಮಾಧ್ಯಮ. ಮೊದಲ ಎರಡು ವರ್ಷ ಮಲಯಾಳದ ಫೈಲು ಎದುರಿಗಿಟ್ಟರೆ ಕೈ ಬೆವರುತ್ತಿತ್ತು. ಮಾತಾಡಲು ಬರುತ್ತಿತ್ತು, ಓದುವುದು ನಿಧಾನ. ಒಂದು ಪತ್ರಕ್ಕೆ ಮೂರು ಸಲ ಪಕ್ಕದವರನ್ನು ಕೇಳಬೇಕು, ಅವರು ನಗಬೇಕು. ಖಾಯಂ ಕೆಲಸ, ರಜೆ ಎಲ್ಲ ಇದ್ದೂ ಬಾತ್‌ರೂಮಿಗೆ ಹೋಗಿ ಅತ್ತದ್ದುಂಟು. ಕಡೆಗೆ ಮಗಳ ಒಂದನೇ ಕ್ಲಾಸಿನ ಮಲಯಾಳ ಪುಸ್ತಕ ಹಿಡಿದು ಕೂತೆ. ಈಗ ಎಣ್ಮಕಜೆ, ಪೈವಳಿಕೆ ಕಡೆಯ ಅಜ್ಜಂದಿರು ಕನ್ನಡದಲ್ಲಿ ಅರ್ಜಿ ತಂದರೆ ನೇರ ನನ್ನ ಮೇಜಿಗೇ ಬರುತ್ತಾರೆ. ಕೆಲಸ ಅದೇ, ಆದರೆ ಹೋಗಲಿಕ್ಕೆ ಈಗ ಮನಸ್ಸುಂಟು.

ಬರೆಯುವುದಾದರೆ ಬರೆ. ಹೆಚ್ಚಿನ ಹುದ್ದೆಗಳಿಗೆ ಸಾಮಾನ್ಯ ವರ್ಗದ ವಯಸ್ಸಿನ ಮಿತಿ 36, ಹಿಂದುಳಿದ ವರ್ಗಕ್ಕೆ 39. ನಿನಗೆ ಸಮಯ ಉಂಟು. ಆದರೆ ಈಗಿನ ಬೇಜಾರಿನ ಕಾರಣ ತಿಳಿಯದೆ ಹೋದರೆ ಅದು ನಿನ್ನ ಜೊತೆಗೇ ಬಂದೀತು.

ಮುಳ್ಳೇರಿಯದಿಂದ:
ಎಲ್ಲರೂ ಮನಸ್ಸಿನ ಬಗ್ಗೆ ಹೇಳಿದಿರಿ, ನಾನು ದುಡ್ಡಿನ ಬಗ್ಗೆ. 4 ವರ್ಷ 10 ತಿಂಗಳಲ್ಲಿ ರಾಜೀನಾಮೆ ಕೊಡಬೇಡ! ಹತ್ತಕ್ಕಿಂತ ಕಡಿಮೆಯಿಲ್ಲದಷ್ಟು ಜನ ಇರುವ ಆಫೀಸಾದರೆ, 5 ವರ್ಷ ತುಂಬಿಸಿ ಬಿಟ್ಟವರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪೆನಿ ಕೊಡುವ ಇಡಿಗಂಟು, ಸಿಗಬೇಕು. ವರ್ಷಕ್ಕೆ 15 ದಿನದ ಸಂಬಳ, ತಿಂಗಳನ್ನು 26 ದಿನ ಅಂತ ಹಿಡಿದು. ಮೂಲ ವೇತನ, ಡಿಎ (ತುಟ್ಟಿಭತ್ಯೆ) ಸೇರಿ 12,000 ಇದ್ದರೆ 5 ವರ್ಷಕ್ಕೆ ಸುಮಾರು 34,600 ಆಯಿತು. ಎರಡು ತಿಂಗಳು ಹಲ್ಲು ಕಚ್ಚಿ ಇರು.

ಬದಿಯಡ್ಕದಿಂದ, ಎರಡು ವಾರದ ನಂತರ:
ಮಂಜೇಶ್ವರದ ಅಕ್ಕ ಹೇಳಿದ ಹಾಗೆ ಬರೆದೆ. 12 ದಿನದಲ್ಲಿ 7 ದಿನ ಮನಸ್ಸು ಕೆಟ್ಟಿತ್ತು. ದಾರಿಯೇ ಕಾರಣ ಅಂತ ನಾನು ಅಂದುಕೊಂಡಿದ್ದೆ. ನೋಡಿದರೆ ರೈಲಿನ ಹೆಸರು ಬಂದದ್ದು ಒಂದೇ ದಿನ, ಅದೂ ತಡವಾದದ್ದಕ್ಕೆ. ಉಳಿದ ಆರರಲ್ಲಿ ಐದು ದಿನ ಒಂದೇ ಕತೆ: ನಾನು ಮಾಡಿಟ್ಟ ಲೆಕ್ಕವನ್ನು ಮೇಲಿನವರು ಹೇಳದೆ ಕೇಳದೆ ತಿದ್ದುವುದು, ತಪ್ಪಾದರೆ ನನ್ನ ತಲೆಗೆ ಕಟ್ಟುವುದು. ಬರೆಯದೆ ಇದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಸೋಮವಾರ ಅವರ ಹತ್ತಿರ ಮಾತಾಡುತ್ತೇನೆ. ತಿದ್ದಿದವರ ಹೆಸರು ಶೀಟಿನಲ್ಲಿ ಇರಲಿ ಅಂತಷ್ಟೇ ಕೇಳುವುದು. ಒಪ್ಪದಿದ್ದರೆ 5 ವರ್ಷ ತುಂಬಿದ ಮೇಲೆ ನೋಡುವ. ಇದನ್ನೆಲ್ಲ ಅಮ್ಮನಿಗೂ ಓದಿ ಹೇಳಿದೆ. ಪೂರ್ತಿ ಕೇಳಿ, "ಅದೆಲ್ಲ ಸರಿ, ಪಿಎಸ್‌ಸಿಗೆ ಅರ್ಜಿ ಹಾಕಿದೆಯಾ?" ಅಂದರು.